ಕರಟ ಬಿಡಿಸುವವರನ್ನು ನಾನು ಹೊಗಳಿದ್ದು

ನನಗೆ ಮೊಮ್ಮಗಳು ಹುಟ್ಟಿದಳೆಂದು ಅಜ್ಜಂಪುರದ ಬೀಗರ ಕಡೆಯವರೊಬ್ಬರು ರೈಲಿಳಿದು ಬಂದು ಹೇಳಿದ ದಿನ, ಕಡೂರು ತಾಲ್ಲೂಕಿನಲ್ಲಿ ನನಗೆ ತಿಳಿಯದ ಕೆಲಸ ಯಾವುದೂ ಇಲ್ಲವೆಂದು ಅನ್ನಿಸಿಬಿಟ್ಟಿತು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ತಾತನಾದವನಿಗೆ ಓದು ಯಾಕೆ ಬೇಕು? ಸ್ಟೇಷನ್ನಿನಿಂದ ಪೇಟೆಯವರೆಗೆ ಕಂಡಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಕ್ಷೌರಕ್ಕೆ ಕೂತಿದ್ದವನ ಬಾಯಿಗೂ ಹಾಕಿದೆ. ಅವನು ಅಲುಗಾಡುವಂತಿರಲಿಲ್ಲ, ಸುಮ್ಮನೆ ತಿಂದ.

ಸೊಸೆ ಚೊಚ್ಚಲ ಬಾಣಂತನಕ್ಕೆ ಅಜ್ಜಂಪುರದ ತವರಿಗೆ ಹೋಗಿದ್ದಳು. ಮುಂದಿನ ವಾರವೇ ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಮಗುವಿನ ಮುಖ ನೋಡಲು ನನ್ನ ಜೀವ ಹಾರುತ್ತಿತ್ತು. ಹೋಗುವುದು ಹೇಗೆ? ನಮ್ಮದು ಕೊಬ್ಬರಿ ಕೆಲಸ. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿ ಇಳಿಸಿ, ಕರಟವನ್ನು ಮಚ್ಚಿನಿಂದ ಮೆಲ್ಲನೆ ತಟ್ಟಿ ಬಿಡಿಸಿ, ಒಳಗಿನ ಕೊಬ್ಬರಿ ಒಡೆಯದ ಹಾಗೆ ಉಂಡೆಯಾಗಿ ತೆಗೆಯಬೇಕು. ಅಷ್ಟೂ ಕಾಯಿ ಮುಗಿದು ಲಾರಿ ಹತ್ತುವವರೆಗೆ ನಾನು ಊರು ಬಿಡುವಂತಿರಲಿಲ್ಲ. ಮಂಡಿಯವರಿಗೆ ಮಾತು ಕೊಟ್ಟಿದ್ದೆ. ಕರಟ ಬಿಡಿಸಲು ಮೂವರು ಹೆಂಗಸರಿದ್ದರು: ಗಂಗಮ್ಮ, ಸಿದ್ದಮ್ಮ, ಹನುಮಕ್ಕ.

ಅದೇ ಹೊತ್ತಿಗೆ ಸರಿಯಾಗಿ ಗ್ರಾಮಸೇವಕರು, ಸಣ್ಣಪುಟ್ಟ ಕಸುಬು ಮಾಡಿಸುವ ನಮ್ಮಂಥವರನ್ನೆಲ್ಲ ಛತ್ರದಲ್ಲಿ ಕೂರಿಸಿ ಭಾಷಣ ಮಾಡಿದರು. ಅರ್ಧ ವರ್ಷಕ್ಕೊಮ್ಮೆ ಕೆಲಸದವರನ್ನು ಕರೆದು, ಆದದ್ದೇನು, ಆಗಬೇಕಾದ್ದೇನು ಎಂದು ಪರಿಶೀಲಿಸಬೇಕಂತೆ. ಒಬ್ಬೊಬ್ಬರ ಹೆಸರು ಹಿಡಿದು ಎಲ್ಲರೆದುರಿಗೆ ಮೆಚ್ಚಬೇಕಂತೆ. ಆಗ ಕೆಲಸ ತಾನೇ ಓಡುತ್ತದಂತೆ. ನಾನು ಮನೆಗೆ ಓಡಿಬಂದೆ.

ನನ್ನ ಹೆಂಡತಿ ಪುಟ್ಟಮ್ಮ ರಾಗಿ ಬೀಸುತ್ತಿದ್ದಳು. "ಏನ್ರೀ, ಕೆಲಸ ಬಿರ್ನೆ ಆಗ್ಬೇಕಂದ್ರೆ ಸಂಜೆ ಹೊತ್ತು ಅವ್ರಿಗೆ ಒಂದೊಂದು ಲೋಟ ಕಾಫಿ ಕೊಡಿ. ಹೊಗಳೋದೆಲ್ಲ ಯಾಕೆ?"

"ಕಾಫಿಗೆ ಖರ್ಚಾಯ್ತದೆ ಕಣೇ. ಹೊಗಳೋಕೇನು ಖರ್ಚು?"

ಈ ಮಾತು ನೆನೆದರೆ ಇವತ್ತಿಗೂ ನನಗೆ ಮುಖ ಬಿಸಿಯಾಗುತ್ತದೆ.

ಮಾರನೆಯ ಸಂಜೆ ನಮ್ಮ ಅಂಗಳದಲ್ಲಿ ಅರ್ಧವಾರ್ಷಿಕ ಪರಿಶೀಲನಾ ಸಭೆ ಸೇರಿತು. ತೊಟ್ಟಿಲು ಶಾಸ್ತ್ರಕ್ಕೆಂದು ತಂದಿದ್ದ ಹೊಸ ಶಾಲನ್ನು ನಾನು ಆಗಲೇ ಹೊದ್ದಿದ್ದೆ. ಹೆಂಗಸರು ಕರಟದ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಸಂತೋಷ ಗಂಟಲವರೆಗೆ ತುಂಬಿತ್ತು; ಬಾಯಿ ತೆರೆದದ್ದೇ ತಡ, ಸುರಿಯಿತು.

"ಗಂಗಮ್ಮಾ, ಎಂಥಾ ಕೈ ನಿಂದು! ಇಷ್ಟು ವರ್ಷದಲ್ಲಿ ಒಂದು ಸಲಾನೂ ಮಚ್ಚು ತಾಗಿಲ್ವಲ್ಲ!"

ಗಂಗಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ನಾಚಿಕೆ ಎಂದುಕೊಂಡೆ.

"ಸಿದ್ದಮ್ಮಾ, ಕಲ್ಲಿನಂಥ ಮೈ ನಿಂದು. ಎರಡು ಮುದ್ದೆ ಉಂಡು ಹಂಗೇ ಅರಗಿಸ್ಕೊತೀಯ. ಹನುಮಕ್ಕಾ, ನೀನು ಹೊತ್ತಿಗೆ ಸರಿಯಾಗಿ ಬರೋದು ಯಾಕೆ? ಮನೇಲಿ ನೆಮ್ಮದಿ ಐತೆ. ನಿನ್ನ ಗಂಡ ಹೆಂಡದಂಗಡಿ ಕಡೆ ತಲೆ ಹಾಕಿದವನಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು. ಚಪ್ಪಾಳೆ ತಟ್ಟುವ ಪದ್ಧತಿ ಅವರಿಗೆ ಗೊತ್ತಿಲ್ಲವೆಂದು ನಾನೇ ಎರಡು ಸಲ ತಟ್ಟಿದೆ.

ಬೆಳಗಾಯಿತು. ಬಂದದ್ದು ಗಂಗಮ್ಮ ಒಬ್ಬಳೇ. ಮೊದಲನೆಯ ಕಾಯಿಗೇ ಮಚ್ಚು ಜಾರಿ ಹೆಬ್ಬೆರಳಿಗೆ ಬಿತ್ತು. ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಅವಳೂ ಹೋದಳು. ಸಿದ್ದಮ್ಮನಿಗೆ ಭೇದಿ ಹಿಡಿದಿದೆಯೆಂದು ಹೇಳಿಕಳಿಸಿದರು. ಹನುಮಕ್ಕನ ಗಂಡನನ್ನು ಸಂತೆಬೀದಿಯಿಂದ ಇಬ್ಬರು ಹೊತ್ತು ತಂದಿದ್ದರಂತೆ. ಅವನು ಹಾಡುತ್ತಿದ್ದನಂತೆ.

ಪುಟ್ಟಮ್ಮ ಖಾಲಿ ಅಂಗಳ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬಾಯಿ ತುಂಬ ಹೇಳಿ ಕಣ್ಣು ಹಾಕಿದ್ರಲ್ಲ. ನಿಮ್ಮ ಮೊಮ್ಮಗಳನ್ನ ಯಾರಾದ್ರೂ ಹಿಂಗೆ ಎಲ್ಲರೆದುರಿಗೆ ಹೊಗಳಿದ್ರೆ ಸುಮ್ನಿರ್ತಿದ್ರಾ?"

ಸುಮ್ಮನಿರುತ್ತಿರಲಿಲ್ಲ. ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿಯೇ ನೀರು ಕುಡಿಯುತ್ತಿದ್ದೆ. ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ, ಒಂದು ಭಾಷಣಕ್ಕೆ ಮರೆತುಹೋಗಿತ್ತು.

ಕ್ಷಮೆ ಕೇಳಲು ಗಂಗಮ್ಮನ ಮನೆಗೆ ಹೋದೆ. ಅವಳು ಬಾಗಿಲಲ್ಲೇ ಅಡ್ಡ ನಿಂತಳು. "ಅಲ್ಲೇ ನಿಂತ್ಕಳಿ ಯಜಮಾನ್ರೇ. ಎಮ್ಮೆ ಈದೈತೆ, ಕೊಟ್ಟಿಗೆ ಕಡೆ ನೋಡ್ಬ್ಯಾಡಿ."

ನೋಡಬೇಡ ಎಂದರೆ ಕಣ್ಣು ನಿಲ್ಲುತ್ತದೆಯೇ? "ಪರವಾಗಿಲ್ವೇ, ಒಳ್ಳೇ ಕೆಚ್ಚಲು ಬಿಟ್ಟೈತಲ್ಲ" ಎಂದುಬಿಟ್ಟೆ.

ಆ ಸಂಜೆ ಎಮ್ಮೆ ಗಂಗಮ್ಮನ ಎದೆಗೇ ಒದ್ದು ಹಾಲು ಚೆಲ್ಲಿತು.

ಇನ್ನು ಕಣ್ಣು ಹಾಕಿದವನದೇ ಕಾಲಿನ ಧೂಳು, ಅವನದೇ ಬಟ್ಟೆಯ ನೂಲು ತೆಗೆದು ಮೆಣಸಿನಕಾಯಿ ಜೊತೆ ಸುಡಬೇಕು, ಬೇರೆ ದಾರಿಯಿಲ್ಲ. ಸಾಮಾನ್ಯವಾಗಿ ಇದನ್ನು ಕದ್ದು ತೆಗೆಯುತ್ತಾರೆ. ನನ್ನ ವಿಷಯದಲ್ಲಿ ಅಷ್ಟು ಸಂಕೋಚವನ್ನೂ ಯಾರೂ ಪಡಲಿಲ್ಲ. ಮೂವರೂ ಹಗಲು ಹೊತ್ತಿನಲ್ಲೇ ಬಂದು, "ಕಾಲೆತ್ತಿ ಯಜಮಾನ್ರೇ" ಎಂದು ಧೂಳು ಬಳಿದುಕೊಂಡು, ಹೊಸ ಶಾಲಿನ ಅಂಚಿನಿಂದ ನೂಲು ಎಳೆದುಕೊಂಡು ಹೋದರು. ಅವರ ಹಿಂದೆಯೇ ಅಕ್ಕಪಕ್ಕದವರು ಬಂದರು. ಸಖರಾಯಪಟ್ಟಣದಿಂದ ಒಬ್ಬ ಬಸ್ಸು ಹತ್ತಿ ಬಂದ. ಅವನ ಎತ್ತು ಮೇವು ಬಿಟ್ಟಿತ್ತು. ಅವನ ಎತ್ತನ್ನು ನಾನು ಕಂಡೇ ಇರಲಿಲ್ಲ.

"ಇರ್ಲಿ ಬಿಡಿ," ಎಂದ ಅವನು, "ನಿಮ್ಮದು ದೂರಕ್ಕೂ ತಾಗ್ತದಂತೆ."

ಸೋತು ಹೋಗಿ ಗಂಗಮ್ಮನಿಗೆ ಕೈ ಮುಗಿದೆ. "ಲಾರಿ ಹೋಗದಿದ್ರೆ ನಾನು ಮೊಮ್ಮಗಳ ಮುಖ ನೋಡೋ ಹಂಗಿಲ್ಲ ಕಣವ್ವ. ಏನು ಬೇಕು ಹೇಳು."

"ನೀವು ಅಂಗಳಕ್ಕೆ ಬರ್ಬ್ಯಾಡಿ. ಅಷ್ಟು ಸಾಕು. ಅಮ್ಮಾವ್ರು ಕಾಫಿ ಕೊಡ್ತಾರಂತೆ."

ನಾನು ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಗಂಗಮ್ಮನ ಹೆಬ್ಬೆರಳಿಗೆ ಬಟ್ಟೆಯಿದ್ದರೂ ಮಚ್ಚಿನ ಸದ್ದು ಎಡೆಬಿಡದೆ ಕೇಳುತ್ತಿತ್ತು, ನಡುನಡುವೆ ನಗು. ನಾನು ಎದುರಿಗಿದ್ದಾಗ ಯಾವ ವರ್ಷವೂ ಕೆಲಸ ಇಷ್ಟು ಚುರುಕಾಗಿ ನಡೆದಿರಲಿಲ್ಲ. ಅರ್ಧ ವರ್ಷದ ಪರಿಶೀಲನೆಯಲ್ಲಿ ತಿಳಿದುಬಂದದ್ದು ಇಷ್ಟೇ: ಕೆಲಸಕ್ಕೆ ಅಡ್ಡಿಯಾಗಿದ್ದವನು ಯಜಮಾನ.

ಲಾರಿ ಹೋಯಿತು. ಶಾಸ್ತ್ರದ ದಿನ ಕೊಬ್ಬರಿ ಮೂಟೆ ಹೆಗಲಿಗೇರಿಸಿ ಪುಟ್ಟಮ್ಮನ ಜೊತೆ ರೈಲು ಹತ್ತಿದೆ. ದಾರಿಯುದ್ದಕ್ಕೂ ಅವಳು ಪಾಠ ಹೇಳಿದಳು. "ಮಗೂನ ಕಂಡ ತಕ್ಷಣ 'ಥೂ, ಕರಿ ಕೋತಿ' ಅನ್ನಿ. ಅಷ್ಟೇ ಅನ್ನಿ. ಮುಂದಕ್ಕೆ ಏನೂ ಬ್ಯಾಡ."

ಅಜ್ಜಂಪುರದ ಬೀಗಿತ್ತಿ ಕಾಲಿಗೆ ನೀರು ಕೊಟ್ಟವರೇ ಬಾಗಿಲಿಗೆ ಅಡ್ಡ ನಿಂತರು. "ಬೀಗ್ರೇ, ತಪ್ಪು ತಿಳ್ಕಬ್ಯಾಡಿ. ಕಡೂರಿನ ಸುದ್ದಿ ರೈಲಲ್ಲಿ ಬಂದೈತೆ."

"ಅವ್ರು ಬೈಯೋದು ಕಲ್ತ್ಕೊಂಡು ಬಂದವ್ರೆ, ಒಂದ್ಸಲ ತೋರ್ಸಿ ಬೀಗಿತ್ತಿ" ಎಂದು ಪುಟ್ಟಮ್ಮ ಬೇಡಿಕೊಂಡಳು.

ಮಗುವನ್ನು ತಂದರು. ಬಟ್ಟೆಯ ನಡುವೆ ಒಂದು ಹಿಡಿ ಮುಖ. ಅದು ಆಕಳಿಸಿತು. ನಾನು ದೇವರಾಣೆಗೂ "ಕೋತಿ" ಎನ್ನಲು ಬಾಯಿ ತೆರೆದೆ.

"ನನ್ನ ಬಂಗಾರವೇ, ಎಷ್ಟು ಚೆಂದ ಇದ್ದೀಯೇ, ನಿನ್ನಂಥದ್ದು ಮೂರು ತಾಲ್ಲೂಕಲ್ಲಿಲ್ಲವಲ್ಲೇ..."

ಬಾಗಿಲು ಮುಚ್ಚಿತು.

ಒಳಗೆ ತೊಟ್ಟಿಲ ಹಾಡು ಹೇಳಿದರು. ಕಿವಿಯಲ್ಲಿ ಹೆಸರು ಹೇಳಿದರು. ನಾನು ಜಗಲಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದೆ. ಮೊದಲ ಪಂಕ್ತಿಯಲ್ಲಿ ಉಂಡು ಕೈ ತೊಳೆಯಲು ಬಂದ ಯಾರೋ ಒಬ್ಬರು, ಮಗುವಿಗೆ ಲಕ್ಷ್ಮಿ ಎಂದು ಹೆಸರಿಟ್ಟರೆಂದು ನನಗೆ ತಿಳಿಸಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, ನೀವು ಯಾರು ಎಂದು ಕೇಳಿದರು.

"ಕಡೂರಿಂದ ಕೊಬ್ಬರಿ ಮೂಟೆ ಹೊತ್ಕೊಂಡು ಬಂದವನು" ಎಂದೆ.