ರನ್‌ವೇ ಮೇಲಿನ ಮಣ್ಣೆತ್ತುಗಳು

ಅಳತೆ ತಪ್ಪದೆ ಒಂದು ಕೆಲಸ ಮಾಡಿಯೇ ತೀರುತ್ತೇನೆಂದು ಹಟ ಹಿಡಿದ ಗಂಡಸನ್ನು ಸಹಿಸಿಕೊಳ್ಳುವುದು ಮನೆಯವರಿಗೆ ಬಲು ಕಷ್ಟ. ಕುಡುಕನಾದರೆ ನಾಲ್ಕು ಬೈದು ಮಲಗಿಸಬಹುದು. ಉಸಿರು ಬಿಗಿಹಿಡಿದು ಬೆರಳುದ್ದದ ವಿಮಾನಕ್ಕೆ ಚಕ್ರ ಅಂಟಿಸುತ್ತಿರುವವನನ್ನು ಏನೆಂದು ಬೈಯುವುದು? ಎಂಬತ್ತರ ದಶಕದ ಕೊನೆಗೆ ನಾನು ಅಂಥವನಾಗಿದ್ದೆ. ಸಿಂಧನೂರಿನ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಹಳೆಯ ಕಿಟಕಿಯ ಬಾಗಿಲೊಂದನ್ನು ನೆಲಕ್ಕೆ ಹಾಕಿಕೊಂಡು, ಅದರ ಮೇಲೆ ಯುದ್ಧಕಾಲದ ವಾಯುನೆಲೆ ಕಟ್ಟುತ್ತಿದ್ದೆ. ಲಿಂಗಸುಗೂರಿನಲ್ಲಿ ಶಿಕ್ಷಕರು ತಯಾರಿಸಿದ ಮಾದರಿಗಳ ಪ್ರದರ್ಶನವಿತ್ತು. ನಾನು ವಿಜ್ಞಾನದ ಮಾಸ್ತರ.

ಪ್ರದರ್ಶನ ಒಂದು ನೆಪ. ನಿಜವಾದ ಕಾರಣ ನನ್ನ ಹೆಂಡತಿಯ ಅಪ್ಪ, ಮಸ್ಕಿಯ ನಮ್ಮ ಮಾವ. ಅವರು ವಾಯುಪಡೆಯಲ್ಲಿ ಅಡುಗೆಯವರಾಗಿದ್ದು, ಯುದ್ಧ ಕಂಡು ಬಂದವರು. ಆ ಅಡುಗೆ ಕೆಲಸವೇ ಅವರಿಗೆ ಮುಳುವಾಗಿತ್ತು. ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾ ಹೋಟೆಲಿನಲ್ಲಿ ಅವರು ಯುದ್ಧದ ಮಾತೆತ್ತಿದರೆ ಸಾಕು, ಬೆಂಚಿನ ತುದಿಯಿಂದ ಯಾರಾದರೂ, “ಸಾಹೇಬ್ರ, ವೈರಿ ಮ್ಯಾಲೆ ಕುದಿಯೋ ಸಾರು ಸುರುವಿದ್ರೇನು?” ಎನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ಮಾವ ಬರಬರುತ್ತಾ ಹೋಟೆಲಿಗೆ ಹೋಗುವುದನ್ನೇ ಬಿಟ್ಟರು. “ಹೋಗ್ಲಿ ಬಿಡ್ರಿ ಅಳಿಯಾರ, ನೋಡದವರಿಗೆ ಏನಂತ ಹೇಳೂದು?” ಎಂದರು ಒಮ್ಮೆ. ಇವರು ಕಂಡದ್ದನ್ನು ಊರವರಿಗೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ.

ಮಾವ ಆಗಾಗ ಸಿಂಧನೂರಿಗೆ ಬಂದು ನೆನಪು ಮಾಡಿಕೊಂಡು ಹೇಳುವುದು, ನಾನು ಕತ್ತರಿಸುವುದು. ಎಣ್ಣೆ ಡಬ್ಬಿಯನ್ನು ಉದ್ದಕ್ಕೆ ಸೀಳಿ ಮಗುಚಿದರೆ ವಿಮಾನದ ಷೆಡ್ಡು. ಉಳ್ಳಾಗಡ್ಡಿ ಚೀಲದ ಬಲೆ ಅದಕ್ಕೆ ಮರೆ. ಮರಳುಕಾಗದಕ್ಕೆ ರೊಟ್ಟಿ ಹಂಚಿನ ಮಸಿ ಬಳಿದರೆ ರನ್‌ವೇ. ಜೋಳದ ದಂಟಿನ ಬೆಂಡಿನಿಂದ ವಿಮಾನ. ಮರಳು ಚೀಲಗಳಿಗೆ ತೊಗರಿಬೇಳೆ; ಒಂದರ ಮೇಲೊಂದು ಅಂಟಿಸಿದರೆ ಥೇಟು ಚೀಲದ ಗೋಡೆಯೇ! ಆದರೆ ಬೇಳೆ ಡಬ್ಬಿಯ ತಳ ಕಂಡ ದಿನ ಹೆಂಡತಿ ಸೌಟು ಹಿಡಿದೇ ಪಡಸಾಲೆಗೆ ಬಂದಳು. “ನೋಡ್ರಿ, ನಿಮ್ಮ ಲಡಾಯಿ ಮುಗಿಯೂಮಟ ಈ ಮನ್ಯಾಗ ಬ್ಯಾಳಿ ಸಾರಿಲ್ಲ. ಹುಣಸಿಹಣ್ಣಿನ ನೀರು ಕುಡೀರಿ!” ಎಂದಳು. ಕುಡಿದೆವು. ಯುದ್ಧಕಾಲದಲ್ಲಿ ಪಡಿತರಕ್ಕೆ ಕೊರತೆ ಇದ್ದದ್ದೇ.

ಪ್ರದರ್ಶನದ ಹಿಂದಿನ ದಿನವೇ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ನನ್ನ ರನ್‌ವೇ ನಟ್ಟನಡುವೆ ಹಸಿ ಎರೆಮಣ್ಣಿನ ಜೋಡೆತ್ತು! ಕುಂಕುಮ, ಹೂವು, ಮುಂದೆ ಹೋಳಿಗೆಯ ಎಡೆ. ಒಂದೊಂದು ಎತ್ತೂ ನನ್ನ ವಿಮಾನಕ್ಕಿಂತ ಮೂರು ಪಟ್ಟು ದೊಡ್ಡದು.

“ಯವ್ವಾ, ಏನ್ ಮಾಡಿಟ್ಟೀ ಇದು!” ಎಂದು ಚೀರಿದೆ.

“ಯಾಕಲೇ ತಮ್ಮಾ, ಮನಿತುಂಬ ನಿನ್ನ ರದ್ದಿ ಬಿದ್ದೈತಿ. ಸ್ವಚ್ಛ ಇದ್ದದ್ದು ಅದೊಂದ ಜಾಗ,” ಎಂದಳು ಅವ್ವ ತಣ್ಣಗೆ. “ಪೂಜಿ ಆಗೇತಿ. ನೀರಿಗೆ ಬಿಡೂಮಟ ಅವನ್ನ ಮುಟ್ಟಬ್ಯಾಡ.”

ಕದ್ದು ಎತ್ತಿಡೋಣವೆಂದರೆ ಹಸಿಮಣ್ಣು ಮರಳುಕಾಗದಕ್ಕೆ ಕಚ್ಚಿ ಕೂತಿತ್ತು. ಎಳೆದರೆ ರನ್‌ವೇ ಹರಿದು ಬರುತ್ತಿತ್ತು. ಹಾಳಾಗಿ ಹೋಗಲಿ ಎಂದು ಮರುದಿನ ಎತ್ತುಗಳ ಸಮೇತ ವಾಯುನೆಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಇಸ್ತ್ರಿ ಅಂಗಿ ತೊಟ್ಟ ಮಾವ ಹತ್ತಿದರು. ಅವರ ಹಿಂದೆ, ಚಹಾ ಹೋಟೆಲಿನಲ್ಲಿ ನಗುತ್ತಿದ್ದವರಲ್ಲಿ ಇಬ್ಬರು, ಸಂತೆಗೆ ಹೊರಟಿದ್ದವರು, ಹತ್ತಿದರು. ಎತ್ತು ನೋಡಿದ ಮಾವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ನನ್ನಿಂದ ಇವರಿಗೆ ಇನ್ನಷ್ಟು ಅವಮಾನವಾಯಿತಲ್ಲ ಎಂದು ದಾರಿಯುದ್ದಕ್ಕೂ ಸಂಕಟಪಟ್ಟೆ. ಆ ಇಬ್ಬರು ಸಂತೆ ಬಿಟ್ಟು ಮಜಾ ನೋಡಲು ನಮ್ಮ ಬೆನ್ನಿಗೇ ಬಂದರು.

ಪರೀಕ್ಷಕರು ಬಂದು ಕನ್ನಡಕ ಸರಿಮಾಡಿಕೊಂಡರು. “ಏನ್ರೀ ಮಾಸ್ತರ, ಲಡಾಯಿ ವಿಮಾನದ ಜಾಗದಾಗ ಎತ್ತು ಮೇಯಾಕತ್ತಾವಲ್ಲ?”

ಹಿಂದೆ ಕಿಸಕ್ಕೆಂದು ನಗು ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದರು.

“ಇದ್ದವು ಸಾಹೇಬ್ರ. ಬಾಂಬು ಬಿದ್ದು ರನ್‌ವೇ ತಗ್ಗು ಬಿದ್ದಿತ್ತು. ಲಾರಿ ಸಾಲಲಿಲ್ಲ. ಸುತ್ತಲಿನ ಹಳ್ಳ್ಯಾರು ಬಂಡಿ ಕಟಿಗೊಂಡು ಮಣ್ಣು, ಕಲ್ಲು ತಂದ್ರು. ಸೈರನ್ನಿಗೆ ಎತ್ತು ಬೆದರಿ ನಿಂತುಬಿಟ್ಟವು. ಅಡಗಿಮನಿ ಬಿಟ್ಟು ಓಡಿದೆ. ನಾ ಒಕ್ಕಲಗ್ಯಾನ ಮಗ ಅಲ್ರೀ? ಎತ್ತಿನ ಮೈ ಸವರಿ ಬಂಡಿ ಹೊಡದೆ. ಬೆಳಕು ಹರಿಯೂದ್ರಾಗ ತಗ್ಗು ಮುಚ್ಚಿದ್ವಿ. ವಿಮಾನ ಎದ್ದವು.”

“ಇಷ್ಟು ದಿನ ಯಾಕ ಹೇಳಲಿಲ್ರಿ ಮಾವಾರ?” ಎಂದೆ.

“ಸಾರಿನ ಮಾತಿಗೇ ನಗತಿದ್ರು. ವಿಮಾನದ ಲಡಾಯ್ಯಾಗ ಎತ್ತು ಹೊಡದೆ ಅಂದ್ರ ಬಿಡತಿದ್ರೇನು?”

ಯಾರೂ ನಗಲಿಲ್ಲ. ಹೋಟೆಲಿನವರಲ್ಲಿ ಒಬ್ಬ ಮೆಲ್ಲಗೆ, “ಮುಂದೇನಾತ್ರಿ?” ಎಂದ. ನನಗೆ ಕಣ್ಣು ತುಂಬಿ ಬಂತು. ಬಹುಮಾನ ಬೇರೆಯವರ ಜ್ವಾಲಾಮುಖಿಗೆ ಹೋಯಿತು. ಮಾವ ಮರುದಿನದಿಂದಲೇ ಹೋಟೆಲಿಗೆ ಹೋಗತೊಡಗಿದರು.

ತೊಂಬತ್ತರ ದಶಕದುದ್ದಕ್ಕೂ, ಆ ಅಮಾವಾಸ್ಯೆ ಬಂತೆಂದರೆ ಅವ್ವ, “ಅಟ್ಟದಾಗಿನ ಎತ್ತಿನ ಹಲಗಿ ಇಳಸೋ” ಎನ್ನುತ್ತಿದ್ದಳು; ನನ್ನ ವಾಯುನೆಲೆಗೆ ಮನೆಯಲ್ಲಿ ಅದೇ ಹೆಸರಾಗಿತ್ತು. ಮಾವ ಮಸ್ಕಿಯಿಂದ ತಪ್ಪದೆ ಬಂದು, ಹೊಸ ಎತ್ತುಗಳಿಗೆ ಕೈಮುಗಿದು, ಬಹಳ ಹೊತ್ತು ನೋಡುತ್ತಾ ಕೂರುತ್ತಿದ್ದರು. ಅಳತೆ ತಪ್ಪದ ನನ್ನ ವಿಮಾನಗಳನ್ನು ಮಾತ್ರ, ಎಡೆ ಇಡಲು ಅಡ್ಡವಾಗುತ್ತವೆಂದು, ಅವರೇ ಪಕ್ಕಕ್ಕೆ ಸರಿಸುತ್ತಿದ್ದರು.