‘ಇದನ್ನೂ ನೋಡಿ’ ಎಂಬ ಶೀರ್ಷಿಕೆಯಿಂದ ಕೈತಪ್ಪಿದ ಸಂಬಂಧದ ಕುರಿತು

ಇಂದ:
ಕುಮಾರಿ ವಿದ್ಯಾವತಿ,
ಮಹಾರುದ್ರಪ್ಪನವರ ಕಿರಾಣಿ ಅಂಗಡಿಯ ಮೇಲಿನ ಮನೆ,
ಬಸವಕಲ್ಯಾಣ.

ಗೆ:
ಉಸ್ತುವಾರಿಗಳು,
ಸಾಫ್ಟ್‌ವೇರ್ ಕೈಪಿಡಿ ಪುಟಗಳ ಮ್ಯಾಕ್ರೋ ವಿಭಾಗ
(ಊರು ಗೊತ್ತಿಲ್ಲ, ಇ-ಮೇಲ್ ಮೂಲಕ).

ವಿಷಯ: ಸಾಫ್ಟ್‌ವೇರಿನ ಕೈಪಿಡಿಗೆಂದು ಮಾಡಿದ ಅಚ್ಚಿನಲ್ಲಿ ಕನ್ಯೆಯ ಬಯೋಡಾಟಾ ಜೋಡಿಸಿದ್ದರಿಂದ, ಬಂದ ವರ ಕಾಕಾನ ಮಗಳ ಪಾಲಾದ ಬಗ್ಗೆ.

ಉಲ್ಲೇಖ: 1) ತಮ್ಮ ನಿಯಮ: ‘ಯಾವ ಶೀರ್ಷಿಕೆಯನ್ನೂ ಖಾಲಿ ಬಿಡತಕ್ಕದ್ದಲ್ಲ.’
2) ನಮ್ಮ ಕಾಕಾನ ಬಾಯಿಮಾತಿನ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ನಾನು ಮನೆಯಲ್ಲೇ ಕುಳಿತು ತಮ್ಮ ಕೈಪಿಡಿ ಪುಟಗಳನ್ನು ಜೋಡಿಸಿಕೊಡುವವಳು. ತಮ್ಮ ಮ್ಯಾಕ್ರೋ ಎಂಬ ಸಿದ್ಧ ಅಚ್ಚಿನಲ್ಲಿ ಸಾಲಿನ ಮೊದಲಿಗೆ ಒಂದು ಚುಕ್ಕಿ, ಅದರ ಬೆನ್ನಿಗೆ ಎರಡಕ್ಷರ ಹಾಕಿದರೆ ಶೀರ್ಷಿಕೆ ತಾನೇ ದಪ್ಪಗಾಗುತ್ತದೆ, ವಿವರ ತಾನೇ ಒಳಕ್ಕೆ ಸರಿಯುತ್ತದೆ. ಹೆಸರು, ಸಾರಾಂಶ, ವಿವರಣೆ, ದೋಷಗಳು, ಇದನ್ನೂ ನೋಡಿ: ಈ ಕ್ರಮ ತಪ್ಪುವಂತಿಲ್ಲ. ಒಮ್ಮೆ ‘ದೋಷಗಳು’ ಖಾಲಿ ಬಿಟ್ಟಿದ್ದಕ್ಕೆ, ದೋಷವಿಲ್ಲದ ಸಾಫ್ಟ್‌ವೇರ್ ಇನ್ನೂ ಹುಟ್ಟಿಲ್ಲವೆಂದು ತಾವೇ ಪುಟ ವಾಪಸು ಕಳಿಸಿದ್ದೀರಿ. ಅಂದಿನಿಂದ ನಾನು ಏನನ್ನೂ ಖಾಲಿ ಬಿಡುವುದಿಲ್ಲ.

2. ತಂದೆ ತೀರಿದ ಮೇಲೆ ನನ್ನ ಮದುವೆಯ ಹೊಣೆ ಕಾಕಾ ಮಹಾರುದ್ರಪ್ಪನವರದು. ಹುಮನಾಬಾದಿನ ಸಂಬಂಧ ಬಂದಾಗ ಅವರು, “ದುನಿಯಾಕ್ಕೆಲ್ಲ ಪುಸ್ತಕ ಜೋಡಸ್ತಿ, ನಿಂದೊಂದು ಬಯೋಡಾಟಾ ಜೋಡಸಾಕ ಆಗಂಗಿಲ್ಲೇನವಾ?” ಎಂದರು. ಕಾರಣ, ಕೈಗೆ ಕೂತ ರೂಢಿಯಂತೆ ಅದೇ ಅಚ್ಚಿನಲ್ಲಿ ಜೋಡಿಸಿದೆ. ‘ದೋಷಗಳು’ ಅಡಿಯಲ್ಲಿ, ಸಿಟ್ಟು ಬೇಗ ಬರುತ್ತದೆ, ತಡವಾಗಿ ಹೋಗುತ್ತದೆ, ರೊಟ್ಟಿ ದುಂಡಗಾಗುವುದಿಲ್ಲ ಎಂದು ನಮೂದಿಸಿದೆ. ‘ಇದನ್ನೂ ನೋಡಿ’ ಅಡಿಯಲ್ಲಿ ಹತ್ತಿರದ ಪುಟಗಳ ಹೆಸರು ಕೊಡಬೇಕಷ್ಟೆ. ಕಾಕಾನ ಮಗಳು ಶಿವಲೀಲಾಳ ಹೆಸರು ಕೊಟ್ಟೆ. ಕಾಕಾ ಓದಲಿಲ್ಲ. ಅಕ್ಷರ ಛಂದ ಬಂದಾವೆಂದು ಹಾಗೇ ಕಳಿಸಿಬಿಟ್ಟರು.

3. ವರ ಸೂರ್ಯಕಾಂತ ಅವರು ತಾಯಿ ಪಾರ್ವತಿಬಾಯಿಯವರೊಂದಿಗೆ ಕನ್ಯೆ ನೋಡಲು ಬಂದರು. ನನ್ನ ದೋಷಗಳನ್ನು ಗಟ್ಟಿಯಾಗಿ ಓದಿ ನಕ್ಕು, “ಅವ್ವಾ, ಇಷ್ಟು ಖರೇ ಬರಿಯಾಕಿ ಮತ್ತೆಲ್ಲಿ ಸಿಗ್ತಾಳ?” ಎಂದರು. ಆ ಕ್ಷಣಕ್ಕೆ ಅವರು ನನ್ನ ಮನಸ್ಸಿಗೆ ಬಂದರೆಂದು ಈ ಮೂಲಕ ದೃಢೀಕರಿಸುತ್ತೇನೆ.

4. ಅಷ್ಟರಲ್ಲಿ ಪಾರ್ವತಿಬಾಯಿಯವರ ಬೆರಳು ಕೊನೆಯ ಶೀರ್ಷಿಕೆಗೆ ಇಳಿದಿತ್ತು.

“ಈ ಶಿವಲೀಲಾ ಯಾರ್ರಿ?”

ಶಿವಲೀಲಾ ಚಹಾ ಹಿಡಿದು ಎದುರಿಗೇ ನಿಂತಿದ್ದಳು.

“ಇಕಿನೇ ಏನ್ರಿ? ಇಕಿ ದೋಷ ಎಲ್ಲಿ ಬರದೀರಿ?”

“ಇಕಿದು ಇನ್ನಾ ಬರದಿಲ್ರಿ,” ಎಂದರು ಕಾಕಾ.

“ಬರದಿಲ್ಲಂದ್ರ ಇಲ್ಲಂತಾತಲ್ರಿ!”

ಕಾಕಾ ನನ್ನ ಕಡೆ ನೋಡಿದರು, ಮಗಳ ಕಡೆ ನೋಡಿದರು, ಕೊನೆಗೆ “ಚಹಾ ತಗೋರ್ರಿ” ಎಂದರು. ಖರೇ ಮೆಚ್ಚಿದ ಸೂರ್ಯಕಾಂತ ಅವರು, ಖರೇ ಹೇಳುವ ಹೊತ್ತಿಗೆ ಕಪ್ಪಿನ ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿದರು. ಸಂಬಂಧ ಶಿವಲೀಲಾಳಿಗೆ ನಿಶ್ಚಯವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಬಹಳ ಸಂಕಟವಾಯಿತು. ಅದನ್ನು ಬರೆಯಲು ತಮ್ಮ ಅಚ್ಚಿನಲ್ಲಿ ಶೀರ್ಷಿಕೆ ಇಲ್ಲ.

5. ಶಿವಲೀಲಾಳ ಮೇಲೆ ನನ್ನ ತಕರಾರಿಲ್ಲ. ಅವಳ ರೊಟ್ಟಿಯೂ ದುಂಡಗಿರುವುದಿಲ್ಲ. ಯಾರೂ ದಾಖಲಿಸಿಲ್ಲ, ಅಷ್ಟೇ.

ಆದ್ದರಿಂದ, ‘ದೋಷಗಳು’, ‘ಇದನ್ನೂ ನೋಡಿ’ ಎಂಬ ಸದರಿ ಎರಡು ಶೀರ್ಷಿಕೆಗಳು ಮದುವೆಯಾಗದ ಹೆಣ್ಣುಮಕ್ಕಳಿಗೆ ಅನ್ವಯಿಸುವುದಿಲ್ಲವೆಂದು ಮುಂದಿನ ಆವೃತ್ತಿಯಲ್ಲಿ ಸ್ಪಷ್ಟಪಡಿಸಬೇಕಾಗಿ ಕೋರುತ್ತೇನೆ. ವರನ ಪುಟಕ್ಕೆ ‘ದೋಷಗಳು’ ಕಡ್ಡಾಯವಾಗಿರಲಿ.

ಈ ಒಂದು ವಿಷಯ ಬಿಟ್ಟು ಉಳಿದೆಲ್ಲದರಲ್ಲಿ
ತಮ್ಮ ವಿಶ್ವಾಸಿ,
(ವಿದ್ಯಾವತಿ)

ಲಗತ್ತುಗಳು:
1. ಬಯೋಡಾಟಾ, ಒಂದು ಪ್ರತಿ (ಚಹಾದ ಕಲೆ ಸಹಿತ).
2. ವರನ ಫೋಟೋ (ವಾಪಸು ಬೇಕಾಗಿಲ್ಲ).
3. ಶಿವಲೀಲಾಳ ಲಗ್ನಪತ್ರಿಕೆಯ ಕರಡು.

ವಿ.ಸೂ.: ಲಗ್ನಪತ್ರಿಕೆ ಜೋಡಿಸುವ ಕೆಲಸವನ್ನೂ ಕಾಕಾ, “ನಿನ್ನಂಗ ಯಾರಿಗಿ ಬರ್ತದವಾ” ಎಂದು ನನಗೇ ಒಪ್ಪಿಸಿದ್ದಾರೆ. ಅದೇ ಅಚ್ಚು. ಪತ್ರಿಕೆ ಹುಮನಾಬಾದಿನ ಬೀಗರ ಮನೆಮನೆಗೂ ಹೋಗಲಿದೆ. ಕೊನೆಯ ಶೀರ್ಷಿಕೆಯನ್ನು ಖಾಲಿ ಬಿಡುವಂತಿಲ್ಲವಾದ ಕಾರಣ, ‘ಇದನ್ನೂ ನೋಡಿ’ ಎಂಬುದರ ಕೆಳಗೆ ನನ್ನ ಹೆಸರು ಹಾಕಲು ದಯವಿಟ್ಟು ಅನುಮತಿ ನೀಡಬೇಕು.