ಒಬ್ಬರಿಗೆ ಒಂದೇ ಬಕೆಟ್

ಲೋಕಕ್ಕೆಲ್ಲ ಏಳನೇ ತಿಂಗಳೆಂದರೆ ಭಯ. ನನಗೆ ಮಾತ್ರ ಅಗ್ಗ!

ನಮ್ಮ ಕೀಲುಂಗ್ ಬಂದರಿನಲ್ಲಿ ಚಾಂದ್ರಮಾನದ ಆ ತಿಂಗಳ ಮೊದಲ ದಿನ ಗುಡ್ಡದ ಗುಡಿಯ ಬಾಗಿಲು ತೆರೆದರೆಂದರೆ ಸತ್ತವರೆಲ್ಲ ಒಂದು ತಿಂಗಳ ರಜೆ ಹಾಕಿ ಊರಿಗೆ ಬಂದಂತೆ. ಅವರನ್ನು ಭೂತ ಗೀತ ಅನ್ನಕೂಡದು, ‘ಒಳ್ಳೆಯ ಅಣ್ಣತಮ್ಮಂದಿರು’ ಅನ್ನಬೇಕು. ಅವರಿಗೆ ಅಡ್ಡ ಬರಬಾರದೆಂದು ಆ ತಿಂಗಳು ಯಾರೂ ಮದುವೆಯಾಗುವುದಿಲ್ಲ, ಮನೆ ಬದಲಿಸುವುದಿಲ್ಲ, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ರಿಪೇರಿಯವರಂತೂ ಫೋನೇ ಎತ್ತುವುದಿಲ್ಲ. ಅಂಗಡಿಯವರು ನೊಣ ಹೊಡೆಯುತ್ತ ಕೂತಿರುತ್ತಾರೆ. ನೊಣ ಹೊಡೆಯುವ ಅಂಗಡಿಯವನೆದುರು ಚೌಕಾಸಿಗೆ ನಿಂತ ಹೆಂಗಸಿನಷ್ಟು ಬಲಶಾಲಿ ಮೂರು ಲೋಕದಲ್ಲಿ ಯಾರಿದ್ದಾರೆ, ಹೇಳಿ!

ಆ ದಿನ ನನ್ನ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: “ಈ ತಿಂಗಳು ಯಾವುದಕ್ಕಾದರೂ ಪೂರ್ತಿ ಬೆಲೆ ಕೊಟ್ಟರೆ ನನ್ನ ಹೆಸರು ಪೇಜುನ್ ಅಲ್ಲ. ನನ್ನಂಥ ಮಿತವ್ಯಯಿ ಈ ಕಟ್ಟಡದಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ!”

ಹುಟ್ಟುವವರ ಬಗ್ಗೆ ಮಾತ್ರ ಬರೆದಿದ್ದೆ ನೋಡಿ. ಸತ್ತವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದೇ ಉತ್ಸಾಹದಲ್ಲಿ ಬಚ್ಚಲ ಬಾಗಿಲಿಗೆ ಒಂದು ರಾಜಾಜ್ಞೆಯನ್ನೂ ಅಂಟಿಸಿದೆ, ದಪ್ಪ ಅಕ್ಷರದಲ್ಲಿ: “ಒಬ್ಬರಿಗೆ ಒಂದೇ ಬಕೆಟ್. ಎರಡನೆಯದು ಇಲ್ಲ!” ನನ್ನ ಗಂಡ ಯುಂಗ್‌ಜೆ ಅದನ್ನು ಎರಡೆರಡು ಸಲ ಓದಿದರು.

“ಮಹಾರಾಣಿ, ತಲೆಗೆ ಸೋಪು ಹಚ್ಚಿದ ಮೇಲೆ ನೀರು ಮುಗಿದ್ರೆ ಪ್ರಜೆಗಳು ಏನ್ಮಾಡ್ಬೇಕು?”

“ಮೊದಲೇ ಯೋಚನೆ ಮಾಡಿ ಹಚ್ಕೋಬೇಕು! ನಿಮ್ಮ ತಲೇಲಿ ಸೋಪು ಹಚ್ಚೋವಷ್ಟು ಕೂದ್ಲು ಎಲ್ಲಿದೆ?”

ಪ್ರಜೆ ತಲೆ ಸವರಿಕೊಳ್ಳುತ್ತ ಬಕೆಟ್ ಎತ್ತಿಕೊಂಡ.

ಹದಿನೈದನೇ ದಿನ ಕಟ್ಟಡದವರೆಲ್ಲ ಸೇರಿ ಅಣ್ಣತಮ್ಮಂದಿರಿಗೆ ಊಟ ಹಾಕುವ ಪದ್ಧತಿ. ಐದು ಮಹಡಿಯ ನಮ್ಮ ಹಳೇ ಕಟ್ಟಡದ ಮುಂದೆ ಮೇಜು ಹಾಕಿ ಹಣ್ಣು, ಬಿಸ್ಕತ್ತು, ಮೀನು, ನೂಡಲ್ಸ್ ಪೊಟ್ಟಣಗಳನ್ನು ಗುಡ್ಡೆ ಹಾಕಿ, ಒಂದೊಂದಕ್ಕೂ ಊದುಬತ್ತಿ ಚುಚ್ಚಿದೆವು. ದೂರದಿಂದ ಬಂದವರು ಕೈಕಾಲು ಮುಖ ತೊಳೆದೇ ಉಣ್ಣಬೇಕಲ್ಲ? ಅದಕ್ಕೊಂದು ಬೋಗುಣಿ ನೀರು, ಹೊಸ ಟವೆಲ್ಲು, ಬಾಚಣಿಗೆ, ಪುಟ್ಟ ಕನ್ನಡಿ. ಈ ಸಲ ಆ ಪಾಲು ನನ್ನದು. ಊದುಬತ್ತಿ ಉರಿದು ಮುಗಿದಾಗ ಎಲ್ಲರೂ ತಮ್ಮ ತಮ್ಮ ತಿಂಡಿ ಕಟ್ಟಿಕೊಂಡು ಹೊರಟರು. ಯಜಮಾನಿಕೆ ವಹಿಸಿದ್ದ ಕೆಳಮನೆಯ ಲಿಯಾವ್ ಅಕ್ಕ ನನಗೆ ಹೇಳಿದರು:

“ಪೇಜುನ್, ಆ ನೀರನ್ನ ಮೋರಿಗೆ ಚೆಲ್ಲಿಬಿಡೇ. ಟವೆಲ್ಲು ಬಾಚಣಿಗೆ ಬಿಸಾಕು.”

“ಹೊಸಾ ಟವೆಲ್ಲು ಅಕ್ಕಾ! ಯಾರೂ ಮುಟ್ಟೇ ಇಲ್ವಲ್ಲ!”

“ನಿನ್ನ ಕಣ್ಣಿಗೆ ಕಾಣ್ಲಿಲ್ಲ ಅಂದ್ರೆ ಮುಟ್ಟಿಲ್ಲ ಅಂತಾನಾ?”

ಅಕ್ಕ ಆ ಕಡೆ ತಿರುಗಿದ್ದೇ ತಡ, ನಾನು ಬೋಗುಣಿಯನ್ನು ನೀರಿನ ಸಮೇತ ಎತ್ತಿಕೊಂಡು ನಾಲ್ಕನೇ ಮಹಡಿಗೆ ಹತ್ತಿದೆ. ಒಂದು ಹನಿಯೂ ತುಳುಕಲಿಲ್ಲ. ಆದರೆ ಒಂದು ಮಾತು: ಬೋಗುಣಿ ಏರುತ್ತ ಏರುತ್ತ ಭಾರವಾಯಿತು. ಮೂರನೇ ಮಹಡಿಯ ತಿರುವಿನಲ್ಲಿ ಯಾರೋ ಅಂಚಿಗೆ ಕೈಯಿಟ್ಟು ಜತೆಗೆ ಬರುತ್ತಿದ್ದಾರೆ ಅನ್ನಿಸಿತು. ನನಗೆ ವಯಸ್ಸಾಯಿತು ಅಂದುಕೊಂಡೆ. ನೀರನ್ನು ಬಾಲ್ಕನಿಯ ಈರುಳ್ಳಿ ಸೊಪ್ಪಿನ ಕುಂಡಕ್ಕೆ ಹೊಯ್ದೆ. ಟವೆಲ್ಲು ಬಚ್ಚಲ ಮೊಳೆಗೆ, ಬಾಚಣಿಗೆ ಹಲಗೆಗೆ. ಬೋಗುಣಿ ನಮ್ಮ ಮೂರು ವರ್ಷದ ಮಗಳು ದೋದೋಳ ಸ್ನಾನಕ್ಕೆ. ದಿನಚರಿಯಲ್ಲಿ ಬರೆದೆ: “ಇಂದು ಕೊಯ್ಲು ಭರ್ಜರಿ!”

ನಮ್ಮಲ್ಲಿ ಕಸದ ಲಾರಿ ದಿನಾ ಸಂಜೆ ಹಾಡು ಹಾಕಿಕೊಂಡು ಬರುತ್ತದೆ. ಹಾಡು ಕೇಳಿದ ಕೂಡಲೇ ಎಲ್ಲರೂ ಚೀಲ ಹಿಡಿದು ಬೀದಿಗೆ ಓಡಬೇಕು. ಉಳಿದವರಿಗೆ ಅದು ಕಸ ಹಾಕುವ ಹೊತ್ತು, ನನಗೆ ಸಂತೆಯ ಹೊತ್ತು! ಯಾರೋ ಎಸೆಯಲು ತಂದ ಜರಡಿ, ಒಂದೇ ಕಡ್ಡಿ ಮುರಿದ ಕೊಡೆ, ಮುಚ್ಚಳ ಕಳೆದ ಡಬ್ಬಿ, ಎಲ್ಲವನ್ನೂ ಲಾರಿಯ ಬಾಯಿಂದ ನಾನು ಬದುಕಿಸಿ ತಂದಿದ್ದೇನೆ. ಹೋಗುವಾಗ ಐದನೇ ಮಹಡಿಯ ಆ-ಗಿಮ್ ಅಜ್ಜಿ ಬಾಗಿಲಿಗೆ ನೇತುಹಾಕಿದ ಕಸದ ಚೀಲವನ್ನೂ ಒಯ್ಯುತ್ತೇನೆ. ಪಾಪ, ಒಂಟಿ ಜೀವ, ಮಂಡಿನೋವು. ಹೀಗೆ ಕೆಳಗೆ ನನಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಅಷ್ಟು ಹೊತ್ತು ದೋದೋ ಅಪ್ಪನ ಜತೆ.

ಊಟ ಹಾಕಿದ ಮೂರನೇ ದಿನ ಸಂಜೆ ಕಸ ಹಾಕಿ ಬಂದು ನೋಡುತ್ತೇನೆ, ಬಚ್ಚಲ ನೆಲ ಒದ್ದೆ. ಹೊಸ ಟವೆಲ್ಲಿನ ಒಂದು ಮೂಲೆ ಒದ್ದೆ. ಬಾಚಣಿಗೆಯಲ್ಲಿ ಒಂದು ಕೂದಲು. ಬಿಳಿ ಕೂದಲು, ಮೊಳದುದ್ದ!

ನನ್ನ ಕೂದಲು ಕಿವಿಯಿಂದ ಕೆಳಗಿಳಿಯುವುದಿಲ್ಲ. ಗಂಡನದ್ದನ್ನು ಆಗಲೇ ಹೇಳಿದ್ದೇನೆ.

“ರೀ, ಸ್ನಾನ ಮಾಡಿದ್ರಾ?”

“ಇ... ಇಲ್ಲಪ್ಪ. ನಾನು ದೋದೋ ಜತೆ ಚಿತ್ರ ಬಿಡಿಸ್ತಾ ಇದ್ದೆ.” ಮುಖ ಸುಣ್ಣದಂತಾಗಿತ್ತು.

“ಮತ್ತೆ ಟವೆಲ್ಲು ಯಾಕೆ ಒದ್ದೆ?”

“ಕೀಲುಂಗ್‌ನಲ್ಲಿ ಟವೆಲ್ಲು ಒಣಗಿರೋದನ್ನ ನೀನು ಯಾವತ್ತು ನೋಡಿದ್ದೀಯೇ?”

ಅದೂ ನಿಜವೇ. ನಮ್ಮೂರಿನ ಮಳೆಯಲ್ಲಿ ಉಪ್ಪೂ ಬೆವರುತ್ತದೆ. ಆದರೆ ನೆಲದ ಮೇಲೆ ದೋದೋ ಬಿಡಿಸಿದ ಚಿತ್ರ ಬಿದ್ದಿತ್ತು. ಅಪ್ಪ, ಅಮ್ಮ, ದೋದೋ. ಪಕ್ಕದಲ್ಲಿ ಕಾಲಿಲ್ಲದ ಇನ್ನೊಬ್ಬಳು, ಕೂದಲು ಕಾಗದದ ಅಂಚಿನವರೆಗೆ.

“ಇದ್ಯಾರು ಕಂದಾ?”

“ಅಜ್ಜಿ.”

“ಯಾವ ಅಜ್ಜಿ?”

“ಮುಖ ತೊಳ್ಕೊಳೋ ಅಜ್ಜಿ,” ಅಂದಳು, ಬಳಪದಿಂದ ಕಣ್ಣೆತ್ತದೆ.

ಅಲ್ಲಿಂದ ಶುರುವಾಯಿತು ನೋಡಿ! ನಾನು ಕಸ ಹಾಕಿ ಬರುವಷ್ಟರಲ್ಲಿ ದಿನಕ್ಕೊಂದು ಪವಾಡ. ಒಂದು ದಿನ, ಗುಪ್ಪೆ ಹಾಕಿಟ್ಟ ಮಗುವಿನ ಬಟ್ಟೆಯೆಲ್ಲ ಮೂರು ಮಡಿಕೆಯಾಗಿ, ಗೆರೆ ಎಳೆದಂತೆ. ಮರುದಿನ, ಸವೆದ ಸೋಪಿನ ಚೂರುಗಳೆಲ್ಲ ಒತ್ತಿ ಒಂದೇ ಉಂಡೆ. ಇನ್ನೊಂದು ದಿನ, ಪ್ಲಾಸ್ಟಿಕ್ ಚೀಲಗಳೆಲ್ಲ ಪುಟ್ಟ ಪುಟ್ಟ ತ್ರಿಕೋನ! ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನು ಯಾರೋ ಬುಡದಿಂದ ಸುರುಳಿ ಸುತ್ತಿ ಕ್ಲಿಪ್ಪು ಹಾಕಿಟ್ಟಿದ್ದರು. ಆ ಉಪಾಯ ನನಗೇ ಹೊಳೆದಿರಲಿಲ್ಲ. ಸತ್ತವಳೊಬ್ಬಳು ಮಿತವ್ಯಯದಲ್ಲಿ ನನ್ನನ್ನು ಮೀರಿಸಿಬಿಟ್ಟಿದ್ದಳು! ಭಯದಿಂದ ಮೈ ಬೆವರಿತು. ನಿಜ ಹೇಳಬೇಕೆಂದರೆ ಹೊಟ್ಟೆಯೂ ಉರಿಯಿತು.

ಬಾಲ್ಕನಿಯ ಈರುಳ್ಳಿ ಸೊಪ್ಪು ವಾರದಲ್ಲಿ ದೋದೋಳ ಎದೆಮಟ್ಟಕ್ಕೆ ಬೆಳೆಯಿತು. ಅಷ್ಟು ಸೊಂಪಾದ ಸೊಪ್ಪನ್ನು ಕೊಯ್ಯಲು ಮಾತ್ರ ನನಗೆ ಕೈ ಬರಲಿಲ್ಲ. ಗಾಳಿಯೇ ಇಲ್ಲದ ಮಧ್ಯಾಹ್ನ ಅದು ತನ್ನಷ್ಟಕ್ಕೆ ತೂಗುತ್ತಿತ್ತು.

ಯಂತ್ರಗಳು ತಂಟೆ ಮಾಡದಿರಲೆಂದು ನಾವು ಅವುಗಳ ಮೇಲೆ ಹಸಿರು ಪೊಟ್ಟಣದ ಕುರುಕಲು ಇಡುತ್ತೇವೆ. ಯಂತ್ರಕ್ಕೆ ನಾಟುವುದು ಅಣ್ಣತಮ್ಮಂದಿರಿಗೂ ನಾಟಲಿ ಎಂದು ಬಚ್ಚಲ ಹಲಗೆಯ ಮೇಲೆ ಒಂದು ಪೊಟ್ಟಣ ಇಟ್ಟೆ. ಸಂಜೆ ಬಂದು ನೋಡಿದರೆ ಯಾರೋ ಅರ್ಧ ತಿಂದು, ಉಳಿದರ್ಧ ಮೆತ್ತಗಾಗದಂತೆ ಬಾಯಿ ಮಡಚಿ ಬಟ್ಟೆಯ ಕ್ಲಿಪ್ಪು ಹಾಕಿಟ್ಟಿದ್ದರು!

“ರೀ, ಅವಳು ತಿಂದಿದ್ದಾಳೆ!”

“ಪೊಟ್ಟಣದ ತಾರೀಕು ನೋಡಿದ್ಯಾ? ಹೋದ ತಿಂಗಳೇ ಮುಗಿದಿದೆ. ಅವಧಿ ಮುಗಿದದ್ದನ್ನ ಇಟ್ರೆ ಉಲ್ಟಾ ಹೊಡಿಯುತ್ತೆ ಅಂತ ಮಕ್ಕಳಿಗೂ ಗೊತ್ತು.”

“ಅರ್ಧ ಬೆಲೆಗೆ ಸಿಕ್ತು ರೀ...”

“ಅದಕ್ಕೇ ಅರ್ಧ ತಿಂದಿದ್ದಾಳೆ!” ಅಂದವರು ಆಮೇಲೆ ಮೆಲ್ಲಗೆ, “ಹೋಗ್ಲಿ ಬಿಡೇ. ಪಾಪ, ಬಟ್ಟೆ ಮಡಚಿಡ್ತಾಳೆ. ಇದ್ರೆ ಇರ್ಲಿ,” ಅಂದರು.

“ಇದ್ರೆ ಇರ್ಲಿ? ಸಣ್ಣ ಮಗು ಇರೋ ಮನೇಲಿ?”

ಎದೆ ತಡೆಯದೆ ಅತ್ತೆಗೆ ಫೋನು ಮಾಡಿದೆ. ಅತ್ತೆ ಊರಿನಿಂದಲೇ ಕಿರುಚಿದ್ದು ಫೋನಿಲ್ಲದೆಯೂ ಕೇಳಿಸುವಂತಿತ್ತು.

“ಅಯ್ಯೋ ಹುಚ್ಚೀ! ಅವರು ಮುಖ ತೊಳೆದ ನೀರನ್ನ ಮನೆಯೊಳಕ್ಕೆ ತಂದ್ಯಾ? ಕೈ ಹಿಡಿದು ಕರ್ಕೊಂಡು ಬಂದ ಹಾಗೇ ಅದು! ಗುಡಿ ಬಾಗಿಲು ಮುಚ್ಚೋದ್ರೊಳಗೆ ತಪ್ಪಾಯ್ತು ಅಂತ ಬೇಡ್ಕೊಂಡು ಕಳಿಸು. ಆಮೇಲೆ ಹೋಗೋಕೆ ದಾರಿ ಇರಲ್ಲ, ವರ್ಷವಿಡೀ ನಿಮ್ಮನೇಲೇ. ಮಗು ಜೋಪಾನ ಕಣೇ!”

ಬಾಗಿಲು ಮುಚ್ಚಲು ಮೂರೇ ದಿನ ಬಾಕಿ. ಆ ಮಧ್ಯಾಹ್ನ ದೋದೋ ನಿದ್ದೆಯಿಂದೆದ್ದು, ನನ್ನ ಕಡೆ ನೋಡದೆ, ನನ್ನ ಹೆಗಲಾಚೆಯ ಬಚ್ಚಲ ಬಾಗಿಲಿಗೆ ನಕ್ಕು ಕೈ ಬೀಸಿದಳು. ನಾನು ತಿರುಗಲಿಲ್ಲ. ತಿರುಗುವ ಧೈರ್ಯವಿರಲಿಲ್ಲ. ಅವಳ ಬೆವರಿದ ನೆತ್ತಿಗೆ ಮೂಗು ಒತ್ತಿಕೊಂಡು ಕೂತೆ. ಹಾಲಿನ ವಾಸನೆಯ ಈ ಒಂದು ತಲೆಗಾಗಿ ಊರಿನ ಅಷ್ಟೂ ಟವೆಲ್ಲುಗಳನ್ನು ಪೂರ್ತಿ ಬೆಲೆಗೆ ಕೊಳ್ಳಲು ಸಿದ್ಧಳಾದೆ. ಹೌದು, ಪೂರ್ತಿ ಬೆಲೆಗೆ! ದಿನಚರಿಯಲ್ಲಿ ಬರೆಯದ ಮಾತು ಇದೊಂದೇ.

ಎಂಟನೇ ತಿಂಗಳ ಮೊದಲ ದಿನ ಬಂತು. ಸಂಜೆ ಗುಡಿಯ ಬಾಗಿಲು ಮುಚ್ಚುತ್ತದೆ. ಕಸದ ಲಾರಿಯ ಹಾಡು ಕೇಳಿಸಿತು, ಚೀಲಗಳನ್ನು ಹಿಡಿದು ಓಡಿದೆ. ಎರಡನೇ ಮಹಡಿಯ ಹತ್ತಿರ ತಲೆಗೆ ಹೊಳೆಯಿತು: ಅವಳು ಬರುವುದೇ ನಾನು ಕೆಳಗಿಳಿದಾಗ! ಚೀಲಗಳನ್ನು ಅಲ್ಲೇ ಬಿಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಮೇಲೆ ಹತ್ತಿದೆ.

ಮನೆಯ ಬಾಗಿಲು ಓರೆಯಾಗಿತ್ತು. ದೀಪ ಹಾಕಿರಲಿಲ್ಲ. ಬಚ್ಚಲಿನಿಂದ ನೀರಿನ ಸದ್ದು. ಒಂದು ಚೊಂಬು. ಸ್ವಲ್ಪ ಹೊತ್ತು ಸುಮ್ಮನೆ. ಇನ್ನೊಂದು ಚೊಂಬು. ಜತೆಗೆ ಬಹಳ ಮೆಲ್ಲಗೆ ಹೆಣ್ಣು ದನಿಯ ಗುನುಗು, ತೊಟ್ಟಿಲು ತೂಗುವಾಗಿನ ಹಳೆಯ ರಾಗ.

ಅಡುಗೆಮನೆಯಿಂದ ಮೂರು ಊದುಬತ್ತಿ ಹಚ್ಚಿಕೊಂಡೆ. (ಒಂದು ಸಾಕೇನೋ ಅಂತ ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.) ಕಣ್ಣು ಮುಚ್ಚಿ ಬಚ್ಚಲ ಬಾಗಿಲು ತಳ್ಳಿ ಮಂಡಿಯೂರಿಬಿಟ್ಟೆ.

“ಅಜ್ಜೀ, ತಪ್ಪಾಯ್ತು! ನೀವು ಮುಖ ತೊಳೆದ ನೀರು ಅಂತ ಯೋಚ್ನೆ ಮಾಡ್ದೆ ತಂದ್ಬಿಟ್ಟೆ. ನನ್ನ ಮಗು ಸಣ್ಣದು. ಬಾಗಿಲು ಮುಚ್ಚೋ ಹೊತ್ತಾಯ್ತು, ದಯವಿಟ್ಟು ಹೋಗ್ಬಿಡಿ!”

ನೀರಿನ ಸದ್ದು ನಿಂತಿತು. ಹಬೆಯೊಳಗಿನಿಂದ ನಡುಗುವ ದನಿ ಬಂತು:

“ಹೋಗ್ತೀನಮ್ಮಾ, ಹೋಗ್ತೀನಿ. ಮೈಮೇಲಿನ ಸೋಪು ತೊಳ್ಕೊಂಡು ಹೋಗ್ಲಾ? ನಿನ್ನಾಣೆ, ಒಂದೇ ಬಕೆಟ್ ಬಳಸಿದ್ದು!”

ಕಣ್ಣು ಬಿಟ್ಟೆ. ಬಿಳಿ ಕೂದಲು ಇಳಿಬಿಟ್ಟುಕೊಂಡು, ನನ್ನ ಪುಟ್ಟ ಮಣೆಯ ಮೇಲೆ ಮುದುಡಿ ಕೂತಿದ್ದವಳು ಐದನೇ ಮಹಡಿಯ ಆ-ಗಿಮ್ ಅಜ್ಜಿ!

ಒಳಕೋಣೆಯಿಂದ ಯುಂಗ್‌ಜೆ ದೋದೋಳನ್ನೆತ್ತಿಕೊಂಡು ಓಡಿ ಬಂದು, ಬಚ್ಚಲ ಬಾಗಿಲೆಳೆದು, ನನ್ನನ್ನು ಎಬ್ಬಿಸಿದರು.

“ಊಟ ಹಾಕಿದ ಮರುದಿನ ಬಂತಲ್ಲ, ಆ ಚಂಡಮಾರುತಕ್ಕೆ ತಾರಸಿ ಮೇಲಿನ ಅಜ್ಜಿಯ ನೀರಿನ ತೊಟ್ಟಿ ಒಡೆದುಹೋಯ್ತು ಕಣೇ. ಏಳನೇ ತಿಂಗಳಲ್ಲಿ ರಿಪೇರಿಗೆ ಯಾರು ಬರ್ತಾರೆ? ಆ ಮಂಡೀಲಿ ಕೆಳಗಿಂದ ಬಕೆಟ್ ಹೊರ್ತಾ ಇದ್ರು. ನೋಡೋಕಾಗ್ಲಿಲ್ಲ, ನಾನೇ ಕರೆದೆ. ಬಿಟ್ಟಿ ನೀರು ಬೇಡ ಅಂತ ಬಟ್ಟೆ ಮಡಚಿಡ್ತಿದ್ರು. ಕುರುಕಲು ತಿಂದಿದ್ದು ನಾನು. ಕ್ಲಿಪ್ಪು ಅಜ್ಜೀದು.”

“ನಂಗ್ಯಾಕೆ ಹೇಳ್ಲಿಲ್ಲ? ನಾನೇನು ಬೇಡ ಅಂತಿದ್ನಾ? ದಿನಾ ಅವರ ಕಸ ಒಯ್ಯೋಳು ನಾನು!”

ಅವರು ಬಚ್ಚಲ ಬಾಗಿಲಿನ ಕಾಗದದ ಕಡೆ ಕಣ್ಣು ತಿರುಗಿಸಿದರು.

ಅಜ್ಜಿ ತಲೆಗೆ ಬಟ್ಟೆಯನ್ನು ಉಂಡೆಯಂತೆ ಸುತ್ತಿಕೊಂಡು ಹೊರಬಂದು ನನ್ನ ಕೈ ಹಿಡಿದುಕೊಂಡರು. “ಅವನಿಗೆ ಬೈಬೇಡಮ್ಮಾ. ಹೇಳ್ಬೇಡ ಅಂದಿದ್ದು ನಾನೇ. ಮೊದಲನೇ ದಿನಾನೇ ಆ ಚೀಟಿ ಓದ್ದೆ. ಭೂತಕ್ಕಾದ್ರೆ ನಾನು ಹೆದರಲ್ಲ, ಆ ಅಕ್ಷರ ನೋಡಿ ಹೆದರಿಕೆ ಆಯ್ತು.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಿ ಬಿಟ್ಟದ್ದು ನಾನೇ. “ಅಜ್ಜೀ, ನಾಳೆಯಿಂದ ನಾನಿರುವಾಗ ಬನ್ನಿ. ಎಷ್ಟು ಬೇಕೋ ಅಷ್ಟು ನೀರು. ಆ ಹೊಸ ಟವೆಲ್ಲು, ಬಾಚಣಿಗೇನೂ ನೀವೇ ಇಟ್ಕೊಳ್ಳಿ. ಹೇಗಿದ್ರೂ ಬಳಸ್ತಾ ಇದ್ರಲ್ಲ.”

ಅಜ್ಜಿ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು. “ಅಯ್ಯಯ್ಯೋ! ಅದು ಅಣ್ಣತಮ್ಮಂದಿರಿಗೆ ಇಟ್ಟಿದ್ದು. ನಾನ್ಯಾಕೆ ಮುಟ್ಲಿ? ನನ್ನ ಟವೆಲ್ಲು ಬಾಚಣಿಗೆ ಮೇಲಿಂದಾನೇ ತರ್ತೀನಿ, ನೋಡು.” ಕಂಕುಳಲ್ಲಿ ಅವರದೇ ಗಂಟು ಇತ್ತು.

ನಾನು ಗಂಡನ ಮುಖ ನೋಡಿದೆ. ಗಂಡ ನನ್ನ ಮುಖ ನೋಡಿದರು. ಈ ಸಲ ಆ ಮುಖದ ಸುಣ್ಣ ಸಿಕ್ಕಿಬೀಳುವ ಭಯದ್ದಾಗಿರಲಿಲ್ಲ.

“ದೋದೋ,” ಅಂದೆ, “ನೀನು ಚಿತ್ರ ಬಿಡಿಸಿದ್ದು ಈ ಅಜ್ಜೀನೇ ತಾನೇ ಕಂದಾ?”

ದೋದೋ ಅಪ್ಪನ ಹೆಗಲ ಮೇಲಿಂದ ಆ-ಗಿಮ್ ಅಜ್ಜಿಯನ್ನು ನೋಡಿ ಇಲ್ಲವೆಂದು ತಲೆಯಾಡಿಸಿದಳು.

“ಇದು ಮೇಲ್ಮನೆ ಅಜ್ಜಿ. ಆ ಅಜ್ಜಿ ಒಳಗೇ ಇದೆ.” ಖಾಲಿ ಬಚ್ಚಲಿನ ಕಡೆ ಪುಟ್ಟ ಬೆರಳು ಚಾಚಿದಳು. “ಹೋಗೋಕೆ ಮುಂಚೆ ಸ್ನಾನ ಮಾಡ್ಬೇಕಂತೆ, ಅಮ್ಮಾ. ಒಂದು ಬಕೆಟ್ ಸಾಲಲ್ವಂತೆ.”

ನಾನು ಬಾಗಿಲಿನ ಕಾಗದವನ್ನು ಹರಿದು, ನಲ್ಲಿಯನ್ನು ಪೂರ್ತಿ ತಿರುಗಿಸಿದೆ.